6 ಕೋಲು, 24 ದಾರ: ತಂಡವಾಗಿ ಟೆನ್ಸೆಗ್ರಿಟಿ ಕಟ್ಟುವುದು

ಕೋಲುಗಳು ಒಂದನ್ನೊಂದು ಮುಟ್ಟದೆ, ಬಿಗಿದ ದಾರಗಳ ಎಳೆತದ ಬಲದಿಂದ ನಿಲ್ಲುವ ರಚನೆಯೇ ಟೆನ್ಸೆಗ್ರಿಟಿ. ಶಿಲ್ಪಿ ಕೆನೆತ್ ಸ್ನೆಲ್ಸನ್ 1948ರಲ್ಲಿ ಇಂಥ ಮಾದರಿಯನ್ನು ರೂಪಿಸಿದರು. ಈ ಹೆಸರನ್ನು ಕೊಟ್ಟವರು ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್. ರಚನಾ ಎಂಜಿನಿಯರ್ ಆಗಿ ನಾನು ಆರಾರು ಜನರ ತಂಡಗಳಿಂದ ಇದರ 6 ಕೋಲುಗಳ ರೂಪವನ್ನೇ ಕಟ್ಟಿಸುತ್ತೇನೆ, ಏಕೆಂದರೆ ಇದರಲ್ಲಿ ಒಬ್ಬರು ಹಾಕಿದ ಗಂಟಿನ ಪರಿಣಾಮ ಉಳಿದ ಐವರ ಕೈಗೂ ತಿಳಿಯುತ್ತದೆ.

ಕೋಲುಗಳು ಮೂರು ಸಮಾಂತರ ಜೋಡಿಗಳಾಗಿ, ಪ್ರತಿ ಜೋಡಿಯೂ ಉಳಿದೆರಡಕ್ಕೆ ಲಂಬವಾಗಿ ಇರುತ್ತವೆ. ಪ್ರತಿ ತುದಿಗೆ 4 ದಾರ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಸಮೀಪದಲ್ಲಿವೆ ಎಂಬ ಕಾರಣಕ್ಕೆ ಜೋಡಿ ಕೋಲುಗಳ ತುದಿಗಳನ್ನೇ ಒಂದಕ್ಕೊಂದು ಬಿಗಿದುಬಿಡುತ್ತಾರೆ. ಜೋಡಿಯ ನಡುವೆ ದಾರವೇ ಇರಕೂಡದು. ಪ್ರತಿ ಕೋಲಿನಿಂದ ಹೊರಡುವ 8 ದಾರಗಳು ಉಳಿದ 4 ಕೋಲುಗಳಿಗೆ ಎರಡೆರಡರಂತೆ ಹೋಗಬೇಕು. ಕೋಲು 60 ಸೆಂ.ಮೀ. ಇದ್ದರೆ ಗಂಟಿನಿಂದ ಗಂಟಿಗೆ ದಾರ ಸುಮಾರು 36.7 ಸೆಂ.ಮೀ. ಆಗುತ್ತದೆ, ಜೋಡಿಯ ಅಂತರ ಕೋಲಿನ ಅರ್ಧ, ಅಂದರೆ 30 ಸೆಂ.ಮೀ. ಆಗುತ್ತದೆ. ನೈಲಾನ್ ದಾರ ಎಳೆತಕ್ಕೆ ನಿಧಾನವಾಗಿ ಹಿಗ್ಗುವುದರಿಂದ ನಾನು ಪಾಲಿಯೆಸ್ಟರ್ ದಾರವನ್ನು ಆರಿಸುತ್ತೇನೆ.

ಮೊದಲು ರಬ್ಬರ್ ಬ್ಯಾಂಡುಗಳಿಂದ ಆಕಾರವನ್ನು ನಿಲ್ಲಿಸಿ, ಆರು ಜನ ಒಂದೊಂದು ಕೋಲನ್ನು ಹಿಡಿದಿರುವಾಗ ಬ್ಯಾಂಡುಗಳನ್ನು ಒಂದೊಂದಾಗಿ ತೆಗೆದು ದಾರ ಕಟ್ಟುವುದು ಸುಲಭದ ಕ್ರಮ. ನಿಜವಾದ ಕಷ್ಟ ಕೊನೆಯ ಬಿಗಿತದಲ್ಲಿದೆ. ಈ ರಚನೆಯಲ್ಲಿ ಎಲ್ಲ ಭಾಗಗಳೂ ಸೇರಿ ಒಂದೇ ಒಂದು ಸಮತೋಲವನ್ನು ಹಂಚಿಕೊಂಡಿರುತ್ತವೆ; ಆದ್ದರಿಂದ ಎಲ್ಲೋ ಒಂದು ದಾರ ಉದ್ದವಾಗಿದ್ದರೆ ಸಡಿಲ ಬೇರೆ ಕಡೆಯೂ ಕಾಣಿಸಿಕೊಳ್ಳುತ್ತದೆ, ಆ ಮೂಲೆಯಲ್ಲಿ ನಿಂತವರೇ ಸರಿಯಾಗಿ ಕಟ್ಟಲಿಲ್ಲವೆಂದು ಉಳಿದವರು ಭಾವಿಸುತ್ತಾರೆ. ನಾನು ಆಗ ಯಾರನ್ನೂ ದೂರಲು ಬಿಡದೆ, ಟೇಪು ಕೊಟ್ಟು 24 ದಾರಗಳನ್ನೂ ಅಳೆಸುತ್ತೇನೆ. ಸಡಿಲವಾಗಿ ಕಂಡ ದಾರವನ್ನಷ್ಟೇ ಜೋರಾಗಿ ಎಳೆದರೆ ಅಳತೆ ಕೆಟ್ಟು, ಇಡೀ ಆಕಾರ ಓರೆಯಾಗುತ್ತದೆ; ಎಲ್ಲರೂ ಸರದಿಯಲ್ಲಿ ಎರಡು ಮೂರು ಮಿಲಿಮೀಟರ್‌ನಷ್ಟೇ ಬಿಗಿಯುತ್ತಾ ಸುತ್ತು ಬರಬೇಕು.

ಬಿಗಿತವನ್ನು ಪರೀಕ್ಷಿಸಲು ಬೆರಳೇ ಸಾಕು. ಒಂದೇ ಬಗೆಯ, ಒಂದೇ ಉದ್ದದ ದಾರಗಳಲ್ಲಿ ಎಳೆತವೂ ಒಂದೇ ಆಗಿದ್ದರೆ, ಮೀಟಿದಾಗ ಬರುವ ಸ್ವರವೂ ಒಂದೇ ಆಗಿರುತ್ತದೆ. ಒಂದು ಸ್ವರ ಬೇರೆಯಾಗಿ ಕೇಳಿಸಿದರೆ ಆ ದಾರದ ಎರಡೂ ತುದಿಯವರು ಮತ್ತೆ ಅಳೆಯುತ್ತಾರೆ, ಉಳಿದ ನಾಲ್ವರು ತಮ್ಮ ಕೋಲುಗಳನ್ನು ಅಲುಗಾಡಿಸದೆ ಹಿಡಿದಿರುತ್ತಾರೆ.