ಹಾಂಗ್‌ಕಾಂಗ್: 99 ವರ್ಷದ ಗುತ್ತಿಗೆ, 15 ವರ್ಷದ ಸಾಲ

ಹಾಂಗ್‌ಕಾಂಗ್ ಇಡೀ ಬ್ರಿಟನ್ನಿನ ಗುತ್ತಿಗೆಯಲ್ಲಿತ್ತು ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಿರಲಿಲ್ಲ. ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟನ್ನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿತು. 1860ರಲ್ಲಿ ದ್ವೀಪದ ಎದುರಿನ ಕೌಲೂನ್ ತುದಿಯೂ ಹಾಗೇ ಹೋಯಿತು. 1898ರಲ್ಲಿ 99 ವರ್ಷಕ್ಕೆ ಸಿಕ್ಕಿದ್ದು ಉತ್ತರದ ನ್ಯೂ ಟೆರಿಟರೀಸ್ ಮತ್ತು ಸುತ್ತಲಿನ ದ್ವೀಪಗಳು ಮಾತ್ರ. ಅದಕ್ಕೆ ಬಾಡಿಗೆ ಒಂದು ಕಾಸೂ ಇಲ್ಲ! ಅಲ್ಲಿನ ಹಳ್ಳಿಯವರು 1899ರ ಏಪ್ರಿಲ್‌ನಲ್ಲಿ ಆಯುಧ ಹಿಡಿದರು, ಆರೇ ದಿನದಲ್ಲಿ ಸೋತರು.

ಆಗ 99 ವರ್ಷ ಅಂದರೆ ಯಾರೂ ಲೆಕ್ಕ ಹಾಕದಷ್ಟು ದೂರ. ಆದರೆ ಗುತ್ತಿಗೆ ನೆಲ ವಸಾಹತಿನ ಹತ್ತರಲ್ಲಿ ಎಂಟು ಪಾಲಿಗಿಂತ ಜಾಸ್ತಿ. ಜಲಾಶಯಗಳು, ಶಾ ಟಿನ್‌ನಂಥ ಹೊಸ ಪಟ್ಟಣಗಳು ಅಲ್ಲೇ ಬಂದವು. ಅದನ್ನು ಬಿಟ್ಟು ದ್ವೀಪ ಉಳಿಸಿಕೊಂಡು ಮಾಡುವುದೇನು?

ನನಗೆ ಕುತೂಹಲ ಅನಿಸುವುದು, 1997ರಲ್ಲಿ ಗುತ್ತಿಗೆ ಮುಗಿದ ಮೇಲೇನು ಎಂಬ ತಕರಾರು ಮೇಲೆದ್ದ ರೀತಿ. ಅದು ಎದ್ದದ್ದು ಜಮೀನಿನ ಪತ್ರಗಳಿಂದ. ನ್ಯೂ ಟೆರಿಟರೀಸ್‌ನಲ್ಲಿ ಸರ್ಕಾರ ಜನರಿಗೆ ಕೊಟ್ಟ ಜಮೀನಿನ ಗುತ್ತಿಗೆ ಪತ್ರಗಳೆಲ್ಲ ಮೂಲ ಗುತ್ತಿಗೆಗಿಂತ ಮೂರು ದಿನ ಮೊದಲೇ, 1997ರ ಜೂನ್ 27ಕ್ಕೆ, ಮುಗಿಯುತ್ತಿದ್ದವು. ಮನೆ ಸಾಲ ಸಾಮಾನ್ಯವಾಗಿ 15 ವರ್ಷದ್ದು. 1982 ದಾಟಿದರೆ ಕಂತು ತೀರುವ ಮುಂಚೆ ಅಡವಿಟ್ಟ ಪತ್ರದ ಆಯುಸ್ಸೇ ಮುಗಿದಿರುತ್ತದೆ. ಯಾವ ಬ್ಯಾಂಕ್ ಸಾಲ ಕೊಡುತ್ತೆ, ಹೇಳಿ? ಸಾಲದ್ದಕ್ಕೆ, ಗುತ್ತಿಗೆ ಇರುವವರೆಗಷ್ಟೇ ಅಲ್ಲಿ ಆಡಳಿತ ಎಂದು ಬ್ರಿಟನ್ನಿನ ಸ್ವಂತ ರಾಜಾಜ್ಞೆಯೇ ಹೇಳಿತ್ತು.

1979ರ ಮಾರ್ಚ್‌ನಲ್ಲಿ ಗವರ್ನರ್ ಮರ್ರೆ ಮ್ಯಾಕ್‌ಲೆಹೋಸ್ ಬೀಜಿಂಗ್‌ಗೆ ಹೋದರು. ಇದು ಬರೀ ಜಮೀನಿನ ವಿಷಯ ಎಂಬಂತೆ ಮಾತು ತೆಗೆದರು. ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಜಾರಿಕೊಂಡರು. ಹಣ ಹಾಕಿದವರು ನಿಶ್ಚಿಂತೆಯಾಗಿರಲಿ ಎಂದರು, ಪತ್ರಗಳ ಅವಧಿ ವಿಸ್ತರಿಸಲು ಒಪ್ಪಲಿಲ್ಲ. 1982ರಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹೋಗಿ ಹಳೆಯ ಒಪ್ಪಂದಗಳನ್ನು ಮುಂದಿಟ್ಟರು. ಬಲವಂತದಿಂದ ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ ಎಂಬುದು ಚೀನಾದ ಪಟ್ಟು.

ಮಾತುಕತೆ ಎಳೆದಾಡಿದಷ್ಟೂ ಪೇಟೆ ಬೆದರಿತು. 1983ರ ಸೆಪ್ಟೆಂಬರ್‌ನಲ್ಲಿ ಒಂದು ಅಮೆರಿಕನ್ ಡಾಲರಿಗೆ 9.6 ಹಾಂಗ್‌ಕಾಂಗ್ ಡಾಲರ್ ಆಯಿತು. ಅಕ್ಟೋಬರ್‌ನಲ್ಲಿ ಅದನ್ನು 7.8ಕ್ಕೆ ಕಟ್ಟಿಹಾಕಿದರು. 1984ರ ಡಿಸೆಂಬರ್ 19ರಂದು ಬ್ರಿಟನ್ ಮತ್ತು ಚೀನಾದ ಜಂಟಿ ಘೋಷಣೆಗೆ ಸಹಿ ಬಿತ್ತು. ಗುತ್ತಿಗೆ ನೆಲದ ಜೊತೆ ಶಾಶ್ವತವೆಂದು ಪಡೆದ ದ್ವೀಪವೂ 1997ರ ಜುಲೈ 1ಕ್ಕೆ ವಾಪಸ್. ಅಲ್ಲಿನ ಜನರ ಮತ ಕೇಳಲಿಲ್ಲ.

ಅದೇ ಘೋಷಣೆ ಜಮೀನಿನ ಪತ್ರಗಳನ್ನು 2047ರ ಜೂನ್ 30ರವರೆಗೆ ಮುಂದುವರಿಸಿತು. ಹೊಸ ಗಡುವೂ ಹತ್ತಿರ ಬರುತ್ತಿದೆ, ಅಲ್ವಾ? ಈ ಸಲ ಸರ್ಕಾರ ಬ್ಯಾಂಕುಗಳು ಹೆದರುವ ತನಕ ಕಾಯಲಿಲ್ಲ. 2024ರಲ್ಲೇ ಕಾಯ್ದೆ ತಂದು, ಸಾಮಾನ್ಯ ಪತ್ರಗಳು ತಾವಾಗಿಯೇ ಇನ್ನೂ 50 ವರ್ಷ ಮುಂದುವರಿಯುವಂತೆ ಮಾಡಿತು.