ರಕ್ತದಲ್ಲಿ ಮಲೇರಿಯಾ ಇಲ್ಲ, ಮಿದುಳಿನಲ್ಲಿ ತೊಂದರೆ ಏಕೆ?

ಜ್ವರ ಇಳಿದು, ರಕ್ತಪರೀಕ್ಷೆಯಲ್ಲಿ ಪರಾವಲಂಬಿ ಕಾಣದಾದ ಮೇಲೆ ಮಲೇರಿಯಾ ಮುಗಿಯಿತೆಂದೇ ರೋಗಿಯೂ ಮನೆಯವರೂ ನಂಬುತ್ತಾರೆ. ಬಹುಪಾಲು ಜನರ ಮಟ್ಟಿಗೆ ಅದು ನಿಜವೇ. ಆದರೆ ಮಲೇರಿಯಾದ ಹೆಚ್ಚು ಅಪಾಯಕಾರಿ ಬಗೆಯಾದ ಫಾಲ್ಸಿಪೇರಂ ಮಲೇರಿಯಾದಿಂದ ಚೇತರಿಸಿಕೊಂಡ ಕೆಲವೇ ಕೆಲವರಲ್ಲಿ, ಕೆಲವು ದಿನ ಅಥವಾ ವಾರ ಕಳೆದ ಮೇಲೆ, ಗೊಂದಲ, ಭ್ರಮೆ, ಫಿಟ್ಸ್ ಅಥವಾ ಕೈನಡುಕ ಇದ್ದಕ್ಕಿದ್ದಂತೆ ತಲೆದೋರುತ್ತದೆ.

ಇದಕ್ಕೆ ಮಲೇರಿಯೋತ್ತರ ನರಲಕ್ಷಣಕೂಟವೆಂಬ ಸ್ಪಷ್ಟ ವ್ಯಾಖ್ಯಾನ ದೊರೆತದ್ದು 1996ರಲ್ಲಿ, ವಿಯೆಟ್ನಾಂನ ಅಧ್ಯಯನವೊಂದರಿಂದ. ಅಲ್ಲಿ 18,124 ರೋಗಿಗಳ ಪೈಕಿ 22 ಮಂದಿಯಲ್ಲಿ ಅದು ಕಂಡುಬಂದಿತ್ತು. ಸಾಧಾರಣ ಮಲೇರಿಯಾಕ್ಕೆ ಹೋಲಿಸಿದರೆ ತೀವ್ರ ಮಲೇರಿಯಾದ ನಂತರ ಇದರ ಸಂಭವ ಸುಮಾರು 300 ಪಟ್ಟು ಹೆಚ್ಚು. ರಕ್ತ ಪರಾವಲಂಬಿಮುಕ್ತವಾದ ಸುಮಾರು ನಾಲ್ಕು ದಿನಕ್ಕೆ ಲಕ್ಷಣ ತೋರುವುದು ಸಾಮಾನ್ಯವಾದರೂ, ಎರಡು ತಿಂಗಳ ನಂತರ ತೋರಿದ ಉದಾಹರಣೆಯೂ ಇತ್ತು. ತೀವ್ರ ಮಲೇರಿಯಾದ ಚಿಕಿತ್ಸೆಯ ಬಳಿಕ ಮೆಫ್ಲೋಕ್ವಿನ್ ಮಾತ್ರೆ ಪಡೆದವರಲ್ಲಿ ಶೇ. 4.4ರಷ್ಟು ಮಂದಿಗೆ ಈ ತೊಂದರೆ ಬಂದರೆ, ಕ್ವಿನೈನ್ ಪಡೆದವರಲ್ಲಿ ಶೇ. 0.5ರಷ್ಟು ಮಂದಿಗೆ ಮಾತ್ರ ಬಂದಿತ್ತು. ತೀವ್ರ ಮಲೇರಿಯಾದ ನಂತರ ಮೆಫ್ಲೋಕ್ವಿನ್ ಬೇಡವೆಂಬ ಎಚ್ಚರಿಕೆಗೆ ಇದು ಬಲವಾದ ಆಧಾರ.

ಶ್ರೀಲಂಕಾದ ವೈದ್ಯರು ಇದರ ಇನ್ನೊಂದು ರೂಪವನ್ನು ಅದಕ್ಕೂ ಮೊದಲೇ ಗುರುತಿಸಿದ್ದರು. ಈ ರೂಪದಲ್ಲಿ ತೊಂದರೆಗೆ ಸಿಲುಕುವುದು ದೇಹದ ಸಮತೋಲನವನ್ನು ನೋಡಿಕೊಳ್ಳುವ ಕಿರುಮೆದುಳು. ಜ್ವರ ಬಂದು ಮೂರು-ನಾಲ್ಕು ವಾರಗಳಾದ ಮೇಲೆ ರೋಗಿ ಕಾಲುಗಳನ್ನು ಅಗಲಿಸಿ, ತೂರಾಡುತ್ತಾ ನಡೆಯತೊಡಗುತ್ತಾನೆ, ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ಗೆರೆಯಲ್ಲಿ ನಡೆಯೆಂದರೆ ಪಕ್ಕಕ್ಕೆ ವಾಲುತ್ತಾನೆ, ಮಾತೂ ತೊದಲಬಹುದು. ಕುಡಿದಿದ್ದಾನೆಂದು ಅಕ್ಕಪಕ್ಕದವರು ತಪ್ಪು ತಿಳಿಯುವಂಥ ಸ್ಥಿತಿ ಇದು. ಆದರೂ ಪ್ರಜ್ಞೆ ಸ್ವಚ್ಛವಾಗಿರುತ್ತದೆ, ಮತ್ತು ಸಾಮಾನ್ಯವಾಗಿ ಮೂರು ತಿಂಗಳೊಳಗೆ ರೋಗಿ ಪೂರ್ತಿ ಗುಣವಾಗುತ್ತಾನೆ. ಇಂಥ 74 ರೋಗಿಗಳ ವಿವರವಾದ ಅಧ್ಯಯನ 1994ರಲ್ಲಿ ಪ್ರಕಟವಾಯಿತು.

ಪರಾವಲಂಬಿಯೇ ಇಲ್ಲದಿರುವಾಗ ನರಮಂಡಲವನ್ನು ಕಾಡುವುದು ಯಾವುದು? ಸಂದೇಹ ಹೋಗುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕಡೆಗೆ. ಶ್ರೀಲಂಕಾದ ರೋಗಿಗಳ ರಕ್ತದಲ್ಲಿ ಉರಿಯೂತ ಕೆರಳಿಸುವ ಸೈಟೊಕೈನ್‌ಗಳ (ರೋಗನಿರೋಧಕ ಕಣಗಳ ಸಂಕೇತವಾಹಕ ಪ್ರೋಟೀನುಗಳ) ಪ್ರಮಾಣ ಏರಿತ್ತು. ತೀವ್ರ ಪ್ರಕರಣಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಸ್ಟೀರಾಯ್ಡ್ ಕೊಟ್ಟಾಗ ಹಲವರು ಬೇಗ ಸುಧಾರಿಸಿರುವುದೂ ಇದೇ ದಿಕ್ಕನ್ನು ತೋರಿಸುತ್ತದೆ. ಹಾಗೆಂದು ಲಕ್ಷಣ ಕಂಡೊಡನೆ ಈ ಹೆಸರು ಹಚ್ಚಿಬಿಡುವಂತಿಲ್ಲ. ಮಲೇರಿಯಾ ಮರುಕಳಿಸಿಲ್ಲವೆಂದು ರಕ್ತಲೇಪನ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ರಕ್ತದ ಸಕ್ಕರೆ ಕುಸಿತ, ಮಿದುಳುಪೊರೆಯ ಸೋಂಕು, ಔಷಧದ ಅಡ್ಡಪರಿಣಾಮಗಳನ್ನೂ ಪರಿಶೀಲಿಸಬೇಕು. ಇತ್ತೀಚೆಗೆ ಮಲೇರಿಯಾ ಬಂದಿತ್ತೆಂದು ಮನೆಯವರು ಹೇಳದೆಹೋದರೆ ವೈದ್ಯರಿಗೆ ಈ ಜಾಡು ಹಿಡಿಯುವುದು ಕಷ್ಟ.

ಇವೆಲ್ಲ ಬಹುಮಟ್ಟಿಗೆ ತಾವಾಗಿಯೇ ಗುಣವಾಗುವ ತೊಂದರೆಗಳು. ಮಿದುಳು ಮಲೇರಿಯಾದಿಂದ ಬದುಕುಳಿದ ಮಕ್ಕಳ ಪಾಡು ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನ ಸಲ್ಲಬೇಕಾದದ್ದು ಅದಕ್ಕೇ. ಸೋಂಕಿತ ಕೆಂಪು ರಕ್ತಕಣಗಳು ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ರಕ್ತಸಂಚಾರವನ್ನು ತಡೆಯುವುದರಿಂದ ಆಗುವ ಹಾನಿ ಉಳಿದುಬಿಡಬಹುದು. ಉಗಾಂಡಾದ ಕಂಪಾಲಾದಲ್ಲಿ ನಡೆದ ಅಧ್ಯಯನದಲ್ಲಿ, ಎರಡು ವರ್ಷಗಳ ನಂತರವೂ ಇಂಥ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಗ್ರಹಣಶಕ್ತಿಯ ಕೊರತೆ ಇತ್ತು. ಮಲಾವಿಯ ಬ್ಲಾಂಟೈರ್‌ನಲ್ಲಿ ಗಮನಿಸಿದ 132 ಮಕ್ಕಳ ಪೈಕಿ 12 ಮಂದಿಗೆ ಮುಂದೆ ಮೂರ್ಛೆರೋಗ ಬಂತು. ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಚೆನ್ನಾಗಿಯೇ ಇದ್ದ ಮಗುವೂ ತಿಂಗಳುಗಳ ನಂತರ ಪಾಠದಲ್ಲಿ ಹಿಂದೆ ಬೀಳಬಹುದು ಅಥವಾ ಫಿಟ್ಸ್‌ಗೆ ತುತ್ತಾಗಬಹುದು. ಆದ್ದರಿಂದ ಇಂಥ ಮಕ್ಕಳ ತಪಾಸಣೆ ಕನಿಷ್ಠ ಒಂದೆರಡು ವರ್ಷವಾದರೂ ಮುಂದುವರಿಯಬೇಕು.