ಮಂಡಿ ನೋವು ಅಂತ ಬಂದ ಮಕ್ಕಳ ಸೊಂಟವನ್ನು ಯಾಕೆ ನೋಡಬೇಕು

10ರಿಂದ 16 ವರ್ಷದೊಳಗಿನ ಮಗು ಮಂಡಿ ನೋವು ಅಥವಾ ತೊಡೆ ನೋವು ಅನ್ನುತ್ತಿದ್ದರೆ, ಜೊತೆಗೆ ಸ್ವಲ್ಪ ಕುಂಟುತ್ತಲೂ ಇದ್ದರೆ, ಸೊಂಟದ ಕೀಲಿನ ಎಕ್ಸ್‌ರೇ ಆಗದೆ ಆ ಮಗುವನ್ನು ಮನೆಗೆ ಕಳಿಸಬಾರದು. ಇದೊಂದು ಮಾತು ಹೇಳುವುದಕ್ಕೇ ಈ ಸಲ ಬರೆಯುತ್ತಿದ್ದೇನೆ. ಕುಮಟಾದಲ್ಲಿ ಮೂಳೆ ಡಾಕ್ಟರಾಗಿ ಕೂತ ನನಗೆ ಇಂಥ ಮಕ್ಕಳು ದಿನಾ ಸಿಗುವುದಿಲ್ಲ, ಸೊಂಟದ ಕೀಲಿನಲ್ಲಿ ಮೂಳೆ ಜಾರುವ ಈ ತೊಂದರೆ ಅಷ್ಟು ಸಾಮಾನ್ಯ ಅಲ್ಲ. ಆದರೆ ಬಂದವರಲ್ಲಿ ಜಾಸ್ತಿ ಜನ ತಡವಾಗಿಯೇ ಬಂದಿರುತ್ತಾರೆ. ಎಣ್ಣೆ ತಿಕ್ಕಿ ಆಗಿರುತ್ತದೆ, ಮಂಡಿಗೆ ಪಟ್ಟಿ ಕಟ್ಟಿ ಆಗಿರುತ್ತದೆ, ಮಂಡಿಯ ಎಕ್ಸ್‌ರೇ ತೆಗೆಸಿ ಅದರಲ್ಲಿ ಏನೂ ಇಲ್ಲ ಅಂತಲೂ ಆಗಿರುತ್ತದೆ, ಕೊನೆಗೆ "ಬೆಳೆಯೋ ವಯಸ್ಸು, ನೋವು ಇದ್ದದ್ದೇ" ಅನ್ನುವ ಸಮಾಧಾನ. ಅಷ್ಟರಲ್ಲಿ ಸೊಂಟದ ಕೀಲಿನೊಳಗೆ ಮೂಳೆ ಇನ್ನಷ್ಟು ಜಾರಿರುತ್ತದೆ.

ಏನು ಜಾರುವುದು? ತೊಡೆಮೂಳೆಯ ಮೇಲ್ತುದಿಯಲ್ಲಿ ಗುಂಡಗಿನ ಒಂದು ತಲೆ ಇದೆ, ಅದು ಸೊಂಟದ ಗುಳಿಯಲ್ಲಿ ಕೂತಿರುತ್ತದೆ. ತಲೆಯ ಕೆಳಗೆ ಕತ್ತು. ಬೆಳೆಯುವ ಮಕ್ಕಳಲ್ಲಿ ಇವೆರಡರ ನಡುವೆ ಮೆದುಮೂಳೆಯ ಒಂದು ಪದರ ಇರುತ್ತದೆ, ಅದೇ ಗ್ರೋತ್ ಪ್ಲೇಟ್. ನಮ್ಮೂರಲ್ಲಿ ಚಿರೆಕಲ್ಲಿನ ಗೋಡೆ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಗಾರೆ ಇನ್ನೂ ಹಸಿ ಇರುವಾಗ ಮೇಲಿನ ಕಲ್ಲನ್ನು ಓರೆಯಾಗಿ ಒತ್ತಿದರೆ ಕಲ್ಲು ಜಾರುತ್ತದೆ, ಗಾರೆ ಗಟ್ಟಿಯಾದ ಮೇಲೆ ಎಷ್ಟು ಒತ್ತಿದರೂ ಅಲುಗುವುದಿಲ್ಲ ಅಲ್ವಾ, ಇಲ್ಲಿ ಆಗುವುದೂ ಅದೇ. ಹುಡುಗರು ಒಮ್ಮೆಲೇ ಎತ್ತರ ಬೆಳೆಯುವ ವರ್ಷಗಳಲ್ಲಿ ಈ ಪದರ ದುರ್ಬಲವಾಗಿರುತ್ತದೆ, ಮೈತೂಕ ಮಾತ್ರ ಏರುತ್ತಿರುತ್ತದೆ. ತಲೆ ಗುಳಿಯಲ್ಲೇ ಉಳಿಯುತ್ತದೆ, ಕತ್ತು ಮುಂದಕ್ಕೆ ಮತ್ತು ಮೇಲಕ್ಕೆ ಸರಿಯುತ್ತದೆ. ವೈದ್ಯರು ಇದನ್ನು ಸ್ಲಿಪ್ಡ್ ಕ್ಯಾಪಿಟಲ್ ಫೀಮೋರಲ್ ಎಪಿಫಿಸಿಸ್ ಅನ್ನುತ್ತಾರೆ. ಗಂಡುಮಕ್ಕಳಲ್ಲಿ ಹೆಚ್ಚು. ಹೆಣ್ಣುಮಕ್ಕಳಲ್ಲಿ ಒಂದೆರಡು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಮೈ ತೂಕ ಹೆಚ್ಚಿರುವ ಮಕ್ಕಳಿಗೆ ಅಪಾಯ ಜಾಸ್ತಿ, ಆದರೆ ತೆಳ್ಳಗಿನ ಮಕ್ಕಳಿಗೆ ಬರುವುದೇ ಇಲ್ಲ ಅಂತಲ್ಲ. 10 ವರ್ಷದ ಒಳಗೆ ಅಥವಾ 16 ದಾಟಿದ ಮೇಲೆ ಬಂದರೆ, ಇಲ್ಲವೇ ಮಗು ವಯಸ್ಸಿಗೆ ತೀರಾ ಕುಳ್ಳಗಿದ್ದರೆ, ಥೈರಾಯ್ಡ್ ಮತ್ತು ಬೆಳವಣಿಗೆಯ ಹಾರ್ಮೋನು, ಕಿಡ್ನಿ ಇವನ್ನೂ ಪರೀಕ್ಷೆ ಮಾಡಿಸಬೇಕು.

ಸೊಂಟ ಹಾಳಾದರೆ ಮಂಡಿ ಯಾಕೆ ನೋಯಬೇಕು ಅಂತ ಕೇಳುತ್ತೀರಿ. ಸೊಂಟದ ಕೀಲಿಗೆ ಕವಲು ಕೊಡುವ ಆಬ್ಟ್ಯುರೇಟರ್ ನರವೇ ಮಂಡಿಯ ಒಳಬದಿಗೂ ಕವಲು ಕೊಡುತ್ತದೆ. ನೋವು ಹುಟ್ಟುವುದು ಮೇಲೆ, ಮಗುವಿಗೆ ಗೊತ್ತಾಗುವುದು ಕೆಳಗೆ. ಕೆಲವು ಮಕ್ಕಳಿಗಂತೂ ಸೊಂಟದಲ್ಲಿ, ತೊಡೆಸಂದಿನಲ್ಲಿ ಒಂದಿಷ್ಟೂ ನೋವಿರುವುದಿಲ್ಲ. ಮಗು ಸುಳ್ಳು ಹೇಳುತ್ತಿಲ್ಲ, ಮಂಡಿ ಮುಟ್ಟಿ ತೋರಿಸುವಾಗ ಅದಕ್ಕೆ ನಿಜವಾಗಿಯೂ ಅಲ್ಲೇ ನೋಯುತ್ತಿರುತ್ತದೆ.

ಹೊನ್ನಾವರ ಕಡೆಯ ಒಬ್ಬ ಮಾಣಿ, ಏಳನೇ ಕ್ಲಾಸು. ಯಕ್ಷಗಾನ ಕಲಿಯುತ್ತಿದ್ದ. ಮಂಡಿ ಊರಿ ಸುತ್ತು ಹಾಕುವ ಕುಣಿತವನ್ನು ಶುರು ಮಾಡಿದ ಮೇಲೆಯೇ ನೋವು ಬಂತು ಅಂತ ಮನೆಯವರೆಲ್ಲ ಅಂದುಕೊಂಡಿದ್ದರು. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅವನು ಬಾಗಿಲಿನಿಂದ ನನ್ನ ಟೇಬಲ್ಲಿನವರೆಗೆ ನಡೆದು ಬಂದದ್ದನ್ನು ನೋಡಿದೆ. ಎಡ ಪಾದ ನೇರ ಇಲ್ಲ, ಹೊರಗೆ ತಿರುಗಿಕೊಂಡಿದೆ. ಮಂಚದ ಮೇಲೆ ಅಂಗಾತ ಮಲಗಿಸಿ ಮೊದಲು ಬಲಗಾಲನ್ನು ಮಡಚಿ ಎದೆಯ ಕಡೆ ತಂದೆ, ಸೀದಾ ಬಂತು. ಎಡಗಾಲನ್ನು ಹಾಗೇ ನಿಧಾನಕ್ಕೆ ಮಡಚುತ್ತ ಬಂದರೆ ಮಂಡಿ ಎದೆಯ ಕಡೆ ಬರುವುದೇ ಇಲ್ಲ, ತಾನಾಗಿಯೇ ಹೊರಗೆ ವಾಲಿ ಕಂಕುಳಿನ ಕಡೆ ಹೋಗುತ್ತದೆ. ತೊಡೆಯನ್ನು ಒಳಗೆ ತಿರುಗಿಸಲು ನೋಡಿದರೆ ಮುಖ ಕಿವುಚಿದ. ಮಂಡಿ ಒತ್ತಿದರೆ ಎಲ್ಲೂ ನೋವಿಲ್ಲ, ಬಾವಿಲ್ಲ.

ಅವನ ಅಮ್ಮ ಕೇಳಿಯೇ ಬಿಟ್ಟರು: "ಡಾಕ್ಟ್ರೇ, ಮಂಡಿ ನೋವು ಅಂತ ಕರ್ಕೊಂಡು ಬಂದ್ರೆ ನೀವು ಸೊಂಟ ಎಂತಕ್ಕೆ ನೋಡ್ತಿದ್ದೀರಿ?" ಎಕ್ಸ್‌ರೇ ಬಂದ ಮೇಲೆ ಎರಡೂ ಕಡೆಯನ್ನು ಅಕ್ಕಪಕ್ಕ ತೋರಿಸಿದೆ, ಹೆಚ್ಚು ವಿವರಿಸಬೇಕಾಗಲಿಲ್ಲ.

ಎಕ್ಸ್‌ರೇ ಬಗ್ಗೆ ಒಂದು ಮಾತು, ಇದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿರುವ ಎಳೆಯ ವೈದ್ಯರಿಗೂ ಸೇರಿ. ಒಂದೇ ಸೊಂಟದ ಚಿತ್ರ ಸಾಲದು, ಎರಡೂ ಸೊಂಟ ಬೇಕು. ಎದುರಿನಿಂದ ತೆಗೆದದ್ದು ಒಂದು, ಪಕ್ಕದಿಂದ ಕಾಣುವಂಥದ್ದು ಇನ್ನೊಂದು. ಕತ್ತು ಮುಂದೆ ಸರಿದಾಗ ಅದಕ್ಕೆ ಹೋಲಿಸಿದರೆ ತಲೆ ಹಿಂದಕ್ಕೆ ಜಾರಿದ ಹಾಗಾಗುವುದರಿಂದ ಶುರುವಿನಲ್ಲಿ ಎದುರಿನ ಚಿತ್ರ ಸರಿಯಾಗಿಯೇ ಇದ್ದ ಹಾಗೆ ಕಾಣುತ್ತದೆ. ಎದುರಿನ ಚಿತ್ರದಲ್ಲಿ ಕತ್ತಿನ ಮೇಲಂಚಿಗೆ ತಾಗಿ ಒಂದು ಗೆರೆ ಎಳೆಯಿರಿ. ಆ ಗೆರೆ ತಲೆಯ ಹೊರಬದಿಯ ಸ್ವಲ್ಪ ಭಾಗವನ್ನು ಕತ್ತರಿಸಿಕೊಂಡು ಹೋಗಬೇಕು. ತಲೆಗೆ ತಾಗದೆ ಹೋದರೆ, ಅಥವಾ ಇನ್ನೊಂದು ಬದಿಗಿಂತ ಕಡಿಮೆ ಕತ್ತರಿಸಿದರೆ, ಜಾರಿದೆ ಅಂತಲೇ ತಿಳಿಯಿರಿ.

ಇನ್ನೂ ಚಿಕ್ಕ ಮಕ್ಕಳು ಕುಂಟಿದರೆ ನಾವು ಕರಾವಳಿಯವರು ನೆನಪಿಡಬೇಕಾದದ್ದು ಪರ್ಥೆಸ್ ಕಾಯಿಲೆ. ಅದರಲ್ಲಿ ಮೂಳೆ ಜಾರುವುದಿಲ್ಲ, ತಲೆಗೆ ರಕ್ತ ಸಾಲದೆ ಅದು ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಸಾಮಾನ್ಯವಾಗಿ 4ರಿಂದ 8 ವರ್ಷದವರಲ್ಲಿ ಕಾಣುವ ಈ ಕಾಯಿಲೆ ಕರ್ನಾಟಕದ ಕರಾವಳಿಯಲ್ಲಿ ಜಾಸ್ತಿ ಅಂತ ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಲ್ಲೇ ಬರೆದಿದ್ದಾರೆ. ನಮ್ಮ ಕಡೆ ಸ್ವಲ್ಪ ದೊಡ್ಡ ಮಕ್ಕಳಲ್ಲೂ ಕಾಣುತ್ತದೆ. ಇನ್ನು ಜ್ವರದ ಜೊತೆ ಸೊಂಟ ನೋವು ಬಂದು ಕಾಲು ಅಲುಗಿಸಲು ಬಿಡದಿದ್ದರೆ ಅದು ಕೀವು ಇರಬಹುದು, ಆಗ ಬೆಳಗಾಗುವ ತನಕ ಕಾಯಲೇಬೇಡಿ.

ಜಾರಿದೆ ಅಂತ ಗೊತ್ತಾದ ಕ್ಷಣದಿಂದ ಮಗು ನಡೆಯಬಾರದು. ನನಗೆ ಇದರಷ್ಟು ಮುಖ್ಯ ಬೇರೆ ಇಲ್ಲ. ಅಮೆರಿಕದ ಲೋಡರ್ ಎಂಬ ವೈದ್ಯರು 1993ರಲ್ಲಿ ಇಂಥ ಸೊಂಟಗಳನ್ನು ಎರಡು ಗುಂಪು ಮಾಡಿದರು: ಊರುಗೋಲು ಹಿಡಿದಾದರೂ ಮಗು ನಡೆಯಬಲ್ಲದು ಅಂದರೆ ಸ್ಥಿರ, ಊರುಗೋಲಿದ್ದರೂ ಕಾಲೂರಲಾರದು ಅಂದರೆ ಅಸ್ಥಿರ. ಅವರು ನೋಡಿದ ಸ್ಥಿರ ಸೊಂಟಗಳಲ್ಲಿ ಒಂದರಲ್ಲೂ ತಲೆಯ ರಕ್ತಸಂಚಾರ ನಿಂತಿರಲಿಲ್ಲ. ಅಸ್ಥಿರವಾದವುಗಳಲ್ಲಿ ನೂರಕ್ಕೆ 47ರಷ್ಟರಲ್ಲಿ ನಿಂತು ತಲೆ ಸತ್ತಿತ್ತು. ಇವತ್ತು ಕುಂಟುತ್ತ ನಡೆಯುವ ಮಗು ನಾಳೆ ಶಾಲೆಯ ಮೆಟ್ಟಿಲಲ್ಲಿ ಕಾಲು ಜಾರಿದರೆ ಮೊದಲ ಗುಂಪಿನಿಂದ ಎರಡನೇ ಗುಂಪಿಗೆ ಹೋಗಿಬಿಡುತ್ತದೆ. ಹಾಗಿರುವಾಗ ಮೈ ತುಂಬಿಕೊಂಡ ಹುಡುಗ ಕುಂಟುತ್ತಿದ್ದರೆ "ತೂಕ ಇಳಿಸು, ದಿನಾ ಓಡು" ಅಂತ ಯಾರಾದರೂ ಹೇಳಿದ್ದು ಕೇಳಿದರೆ ನನಗೆ ಸಂಕಟವಾಗುತ್ತದೆ. ತೂಕ ಆಮೇಲೆ ಇಳಿಸೋಣ, ಮೊದಲು ಎಕ್ಸ್‌ರೇ ಆಗಲಿ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಅಂದರೆ ದೂರದ ದಾರಿ. ಕಾರವಾರದವರು ಗೋವಾಕ್ಕೆ, ಭಟ್ಕಳ ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ. ಹಾಗಾಗಿ ಕರೆದುಕೊಂಡು ಹೋಗುವ ರೀತಿಯನ್ನೂ ಹೇಳಬೇಕು. ಬೈಕಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಹೋಗಬೇಡಿ, ಬಸ್ಸು ಹತ್ತಿಸಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಮಂಡಿಯ ಕೆಳಗೆ ದಿಂಬು ಕೊಡಿ, ಕಾಲೂರಲು ಆಗುತ್ತಲೇ ಇಲ್ಲ ಅಂದರೆ 108ಕ್ಕೆ ಫೋನ್ ಮಾಡಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಗಾಡಿ ನಿಧಾನ ಹೋಗಲಿ. ಮತ್ತೆ, ಎಷ್ಟೇ ನಂಬಿಕೆಯ ನಾಟಿ ವೈದ್ಯರಾದರೂ ಕಾಲನ್ನು ಎಳೆದು ಕೂರಿಸಲು ಬಿಡಬೇಡಿ. ತಲೆಗೆ ರಕ್ತ ತರುವ ನಾಳಗಳು ಕತ್ತಿಗೆ ಅಂಟಿಕೊಂಡೇ ಹೋಗುತ್ತವೆ, ಎಳೆದರೆ ಹರಿಯಬಹುದು.

ಆಪರೇಷನ್ ಅಂದ ಕೂಡಲೇ ಮನೆಯವರು ಗಾಬರಿಯಾಗುತ್ತಾರೆ. ಸ್ಥಿರ ಸೊಂಟಕ್ಕೆ ಬೇಕಾದದ್ದು ಸಾಮಾನ್ಯವಾಗಿ ಒಂದೇ ಒಂದು ಸ್ಕ್ರೂ. ತೊಡೆಯ ಮೇಲ್ಭಾಗದಲ್ಲಿ ಸಣ್ಣ ಗಾಯ ಮಾಡಿ, ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ನೋಡುತ್ತ, ಕತ್ತಿನಿಂದ ಗ್ರೋತ್ ಪ್ಲೇಟ್ ದಾಟಿಸಿ ತಲೆಯ ನಡುಮಧ್ಯಕ್ಕೆ ಕೂರಿಸುತ್ತೇವೆ. ಸ್ಕ್ರೂ ತುದಿ ಕೀಲಿನೊಳಗೆ ಚುಚ್ಚದಂತೆ ಎಚ್ಚರ ವಹಿಸುತ್ತೇವೆ. ಜಾರಿದ್ದನ್ನು ಎಳೆದು ಮೊದಲಿನ ಜಾಗಕ್ಕೆ ತರುವುದಿಲ್ಲ, ಇದ್ದ ಜಾಗದಲ್ಲೇ ಹಿಡಿದು ನಿಲ್ಲಿಸುತ್ತೇವೆ. ಆದ್ದರಿಂದಲೇ ಬೇಗ ಬಂದವರ ಕಾಲು ಸರಿಯಾಗಿ ಉಳಿಯುತ್ತದೆ, ತುಂಬಾ ಜಾರಿಸಿಕೊಂಡು ಬಂದವರಿಗೆ ದೊಡ್ಡ ಆಪರೇಷನ್ ಬೇಕಾಗಬಹುದು. "ಎತ್ತರ ಬೆಳೆಯೋದಿಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಕಾಲು ಉದ್ದವಾಗುವುದು ಹೆಚ್ಚಾಗಿ ಮಂಡಿಯ ಆಚೀಚೆಯ ಗ್ರೋತ್ ಪ್ಲೇಟುಗಳಿಂದ. ಸೊಂಟದ ಹತ್ತಿರದ್ದು ಮುಚ್ಚಿದರೆ, ಅಂದರೆ ಗಟ್ಟಿ ಮೂಳೆಯಾಗಿ ಬೆಳವಣಿಗೆ ನಿಂತರೆ, ಆಗುವ ವ್ಯತ್ಯಾಸ ಸಣ್ಣದು.

ಆದರೆ ಇನ್ನೊಂದು ಸೊಂಟವನ್ನು ಮರೆಯುವಂತಿಲ್ಲ. ನಾಲ್ವರಲ್ಲಿ ಒಬ್ಬರಿಗಾದರೂ ಅದೂ ಜಾರುತ್ತದೆ, ಅದೂ ಹೆಚ್ಚಾಗಿ ಮೊದಲನೆಯದು ಜಾರಿದ 18 ತಿಂಗಳೊಳಗೆ. ವಯಸ್ಸು ತೀರಾ ಕಡಿಮೆ ಇದ್ದರೆ ಅಥವಾ ಹಾರ್ಮೋನಿನ ತೊಂದರೆ ಇದ್ದರೆ ಆ ಬದಿಗೂ ಮುಂಜಾಗ್ರತೆಗೆ ಸ್ಕ್ರೂ ಹಾಕುವುದುಂಟು. ಉಳಿದವರು ಗ್ರೋತ್ ಪ್ಲೇಟ್ ಮುಚ್ಚುವ ತನಕ ಕೆಲವು ತಿಂಗಳಿಗೊಮ್ಮೆ ಎಕ್ಸ್‌ರೇಗೆ ಬರಬೇಕು. ಗಾಯ ಮಾಗಿ, ಮಗು ಓಡಾಡಲು ಶುರು ಮಾಡಿದ ಮೇಲೆ ಬರುವುದನ್ನು ಬಿಟ್ಟುಬಿಡುವವರು ಬಹಳ. ಹೇಳಿದ ತಾರೀಕಿಗೆ ಬನ್ನಿ, ಅದಕ್ಕೆ ಮೊದಲೇ ಮಗು ಇನ್ನೊಂದು ಕಾಲಿನ ತೊಡೆಯೋ ಮಂಡಿಯೋ ನೋವು ಅಂದರೆ ತಾರೀಕು ನೋಡದೆ ಆ ದಿನವೇ ಬನ್ನಿ.